ಅತ್ತೆಯವರ ದನಿಗೆ ಮಟ್ಟ ಇಟ್ಟದ್ದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಧ್ವನಿಪುಸ್ತಕಗಳನ್ನು ಕಿವಿಯಿಂದಲೇ ಓದುವ ಗೆಳೆಯರೇ, ಸಭಿಕರೇ,

ಮೂವತ್ತೊಂದು ವರ್ಷ ಸ್ಟುಡಿಯೋದ ಗಾಜಿನ ಈಚೆ ಕುಳಿತು ಬೇರೆಯವರಿಂದ ಓದಿಸಿದವಳು ನಾನು. ಇವತ್ತು ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದ್ದೀರಿ. ನಿವೃತ್ತಿಯ ದಿನ ಹೊಸಬರಿಗೆ ನಾಲ್ಕು ಮಾತು ಹೇಳಿ ಎಂದರು ಅಧ್ಯಕ್ಷರು. ನಾಲ್ಕು ಎಲ್ಲಿಂದ ತರಲಿ? ನನಗೆ ಗೊತ್ತಿರುವುದು ಒಂದೇ: ರೆಕಾರ್ಡಿಂಗಿಗೆ ಮೊದಲು ದನಿಯ ಮಟ್ಟ ಸರಿಯಾಗಿ ಇಡಿ.

ಹಳೆಯ ಟೇಪಿನಲ್ಲಿ ಮೀಟರಿನ ಮುಳ್ಳು ಕೆಂಪಿನೊಳಕ್ಕೆ ಒಂದಿಷ್ಟು ಇಣುಕಿದರೂ ಟೇಪು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಡಿಜಿಟಲ್ ಮಿಕ್ಸರ್ ಹಾಗಲ್ಲ. ಅಲ್ಲಿ ಮೀಟರಿನ ತುದಿಯ ಸೊನ್ನೆಯೇ ಸೂರು. ತಲೆ ತಗುಲಿತೋ, ದನಿ ಒಡೆಯಿತು. ಆಮೇಲೆ ಎಷ್ಟು ತಗ್ಗಿಸಿದರೂ ಒಡೆದದ್ದು ಒಡೆದದ್ದೇ. ಇದನ್ನು ನಾನು ಎಲ್ಲಿ ಕಲಿತೆ? ತರಬೇತಿಯಲ್ಲೇ? ಅಲ್ಲ. ನಮ್ಮ ಅತ್ತೆಯವರಿಂದ.

ಆರು ವರ್ಷದ ಹಿಂದೆ ಅತ್ತೆಯವರ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಅತ್ತೆ ಅಳಲಿಲ್ಲ. “ನಿನ್ನ ಮಗಳಿಗೆ ಇನ್ನೆರಡು ತಿಂಗಳಲ್ಲಿ ಹೆರಿಗೆ. ಹುಟ್ಟೋ ಮಗು ನನ್ನ ದನಿ ಕೇಳೋದು ಬೇಡ್ವಾ? ನಿಮ್ಮ ಸ್ಟುಡಿಯೋದಲ್ಲಿ ಕಥೆ ಹೇಳಿಬಿಡ್ತೀನಿ” ಎಂದರು.

ಅವರ ದನಿ ಒರಟಾಗಿತ್ತೇ ಹೊರತು ಜೋರು ಇಳಿದಿರಲಿಲ್ಲ. ಅಡುಗೆಮನೆಯಲ್ಲಿ ಮಾತಾಡಿದರೆ ಬೀದಿಯವರು ಉತ್ತರ ಕೊಡುತ್ತಿದ್ದರು! ಆದರೆ ಮೈಕು ಕಂಡೊಡನೆ ಹೊಸ ಸೊಸೆಯಂತೆ ಪಿಸುಗುಟ್ಟಿದರು. ನಾನು ಆ ಪಿಸುದನಿಗೆ ತಕ್ಕಂತೆ, ಮೈಕಿನ ದನಿ ಹಿಗ್ಗಿಸುವ ಗೇನ್ ಗುಂಡಿಯನ್ನು ಏರಿಸಿ ರೆಕಾರ್ಡಿಂಗ್ ಶುರುಮಾಡಿದೆ. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಮೀಟರಿಗೆ ಬೆನ್ನು ಹಾಕಿ ಬೇರೆ ಕಡತ ನೋಡುತ್ತಾ ಕುಳಿತೆ. ಏಕೆ? ಮನೆಯಲ್ಲಿ ಕೇಳುವುದು ಸಾಲದೇ, ಇಲ್ಲೂ ಕೇಳಬೇಕೇ ಎಂದು. ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಹೇಳಿಯಾಯಿತು.

ಸಂಜೆ ಹಾಕಿ ಕೇಳಿದೆ. ಎರಡನೇ ನಿಮಿಷಕ್ಕೆ ಅವರಿಗೆ ಭಯ ಬಿಟ್ಟು ನಿಜವಾದ ದನಿ ಬಂದಿತ್ತು. ಅಲ್ಲಿಂದ ಕೊನೆಯವರೆಗೆ ಬರೀ ಕರಕರ. ಒಂದು ಕಥೆಯೂ ಉಳಿದಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಉಳಿದಿದ್ದದ್ದು ಒಂದೇ ದಿನ.

“ಅತ್ತೆ, ತಪ್ಪಾಯ್ತು. ನಿಮ್ಮ ದನಿ ಇಷ್ಟು ಜೋರಾಗುತ್ತೆ ಅಂತ ಅಂದಾಜು ಮಾಡಲಿಲ್ಲ” ಎಂದೆ.

ಅವರು ನನ್ನನ್ನೇ ನೋಡಿದರು. “ಇಪ್ಪತ್ತೇಳು ವರ್ಷ ಒಂದೇ ಮನೇಲಿದ್ದೀವಲ್ಲೇ. ಇನ್ನೂ ಅಂದಾಜು ಸಿಕ್ಕಿಲ್ವಾ?”



ಮರುದಿನ ಮತ್ತೆ ಕರೆತಂದೆ. “ಅತ್ತೆ, ಮೊದಲು ನನ್ನನ್ನ ಬೈಯಿರಿ. ಎಷ್ಟು ಜೋರಾಗಿ ಆಗುತ್ತೋ ಅಷ್ಟು.” ನಕ್ಕರು. ಆಮೇಲೆ ಬೈದರು. “ದಿನವಿಡೀ ಕಿವಿಗೆ ಅದನ್ನ ಸಿಕ್ಕಿಸಿಕೊಂಡು ಊರವರ ಉಸಿರು ಕೂಡ ಕೇಳಿಸ್ಕೋತೀಯ. ಮನೆಗೆ ಬಂದರೆ ನಾನು ಕರೆದದ್ದು ಕೇಳಲ್ಲ ನಿನಗೆ!”

ಮೀಟರಿನ ಕೆಂಪು ದೀಪ ಹತ್ತಿತು. ಗೇನ್ ಇಳಿಸಿದೆ. ಇನ್ನೊಮ್ಮೆ ಬೈಸಿಕೊಂಡೆ. ಅತಿ ಜೋರಿನ ಮಾತು ಸೊನ್ನೆಗಿಂತ ಹತ್ತು ಡೆಸಿಬೆಲ್ ಕೆಳಗೇ ನಿಂತಾಗ ಗುಂಡಿಯಿಂದ ಕೈ ತೆಗೆದೆ. ಆಮೇಲೆ ಎರಡು ಗಂಟೆ ಹೆಡ್‌ಫೋನ್ ಇಳಿಸಲಿಲ್ಲ. ಒಂಬತ್ತು ಕಥೆ ಹೇಳಿದರು. ಅವರು ಅಷ್ಟು ಚೆನ್ನಾಗಿ ಕಥೆ ಹೇಳುತ್ತಾರೆಂದು ನನಗೆ ಅಂದೇ ಗೊತ್ತಾದದ್ದು.

ಮಗುವಿಗೆ ಐದು ತಿಂಗಳಾದಾಗ ಅತ್ತೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಬೆಚ್ಚೀತೆಂದು ನಾನು ಆ ಕಥೆಗಳ ರೆಕಾರ್ಡಿಂಗನ್ನು ಸಣ್ಣಗೆ ಹಾಕಿದೆ. ಅತ್ತೆ ಸ್ಲೇಟಿನಲ್ಲಿ ಬರೆದು ತೋರಿಸಿದರು: ಜೋರು ಮಾಡು. ಮಾಡಿದೆ. ಮತ್ತೆ ಬೆರಳು ಮೇಲಕ್ಕೆ ತೋರಿಸಿದರು. ಪಕ್ಕದ ಮನೆಗೂ ಕೇಳುವಷ್ಟು ಮಾಡಿದೆ. ಮಗು ಬೆಚ್ಚಲಿಲ್ಲ. ಸ್ಪೀಕರಿನ ಕಡೆ ತಿರುಗಲೂ ಇಲ್ಲ. ಅತ್ತೆಯ ಮುಚ್ಚಿದ ಬಾಯನ್ನೇ ನೋಡುತ್ತಾ ಕಥೆ ಕೇಳಿತು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ. ಕೇಳಿಸಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ಬಲ್ಲೆ. ಅದಕ್ಕಾಗಿ ನಿಮಗೆ ಋಣಿ. ನಮಸ್ಕಾರ.