ಲುಯೆಲ್ಲಾಳ ಕೆಂಪು ನಾಣ್ಯ

ವಿಸ್ಕಾನ್ಸಿನ್ನಿನ ನಮ್ಮ ಊರಿನಲ್ಲಿ ಶುಕ್ರವಾರವೆಂದರೆ ಕರಿದ ಮೀನಿನ ಊಟ. ನಾಣ್ಯ ಹಾಕಿದರೆ ಹಾಡುವ ಹಳೆಯ ಜೂಕ್‌ಬಾಕ್ಸ್ ಪೆಟ್ಟಿಗೆಗಳ ಹುಚ್ಚು ಹಿಡಿದ ನಾವೊಂದಿಷ್ಟು ಜನ ಅಂದು ಸಂಜೆ ಊಟ ಮುಗಿಸಿ ಎದ್ದರೂ, ಸರೋವರದ ಕಡೆಯಿಂದ ಬಂದ ಮಳೆ ಯಾರನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ. ಡ್ವೇನ್ ತಾನು ಹೊಸದಾಗಿ ಕೊಂಡ ಪೆಟ್ಟಿಗೆಯ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ಯಾವುದೋ ಬಾರಿನಿಂದ ಎತ್ತಿ ತಂದದ್ದಂತೆ, ಒಳಗೆ ಒಂದು ಕೆಂಪು ನಾಣ್ಯವೂ ಸಿಕ್ಕಿತಂತೆ, ಅದನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡಿದ್ದಾನಂತೆ.

ಮೂಲೆಯಲ್ಲಿ ಬ್ರಾಂದಿ ಹೀರುತ್ತಿದ್ದ ಆರ್ಡಿಸಜ್ಜಿ ಲೋಟವನ್ನು ಟಕ್ಕೆಂದು ಕೆಳಗಿಟ್ಟರು. ಗಂಡ ಮೈಲೋ ಜೊತೆ ಬದುಕೆಲ್ಲ ಇಂಥ ಪೆಟ್ಟಿಗೆಗಳನ್ನು ದುರಸ್ತಿ ಮಾಡಿದವರು. ಎಂಬತ್ತು ದಾಟಿದರೂ ನಾಲಿಗೆ ಮಾತ್ರ ಹರಿತ.

"ಕೀಲಿಗೊಂಚಲಿಗಾ? ಬುದ್ಧಿ ಇದ್ಯೇನೋ ನಿಂಗೆ? ಯಾರ ಮನೇದೋ ಅವರಿಗೆ ವಾಪಸ್ ಕೊಟ್ಟು ಬಾ, ನಾಳೇನೇ."

"ಹೋಗ್ಲಿ ಬಿಡಜ್ಜಿ, ಒಂದು ನಾಣ್ಯ ತಾನೆ," ಎಂದು ಡ್ವೇನ್ ನಕ್ಕ.

"ನಗು, ನಗು... ಕುರ್ಚಿ ಎಳ್ಕೊಂಡು ಹತ್ರ ಬನ್ರೋ ಎಲ್ಲಾ. ಮಳೆ ಹೇಗೂ ನಿಲ್ಲಲ್ಲ.

"ಆಗೆಲ್ಲ ಪೆಟ್ಟಿಗೆ ಬಾರಿನೋರದ್ದಲ್ಲ, ಕಂಪನಿಯೋರು ತಂದು ಇಡ್ತಿದ್ದದ್ದು. ಬಾರು ಬಿಕೋ ಅಂತಿದ್ರೆ ಯಾರು ಕುಡೀತಾರೆ ಹೇಳಿ? ಅದಕ್ಕೇ ಬಾರಿನೋರೇ ತಮ್ಮ ನಾಣ್ಯ ಹಾಕಿ ಒಂದೆರಡು ಹಾಡು ಹಾಡಿಸೋರು, ಆ ನಾಣ್ಯಕ್ಕೆ ಉಗುರುಬಣ್ಣ ಬಳಿದಿರೋರು. ಕಂಪನಿಯೋನು ದುಡ್ಡು ಎತ್ತೋಕೆ ಬಂದು ಬೀಗ ತೆಗೆದಾಗ ಕೆಂಪಿದ್ದದ್ದನ್ನೆಲ್ಲ ಆರಿಸಿ ವಾಪಸ್ ಕೊಡ್ಬೇಕು. ಕೆಂಪು ಅಂದ್ರೆ ಮನೇದು... ಹೊರಗಿನೋರು ಇಟ್ಕೊಳ್ಳೋ ಹಾಗಿಲ್ಲ.

"ನಮ್ಮೂರ ಎಲ್ಮರ್ ಹಾಂಕೆಯ ಬಾರಲ್ಲಿ ಹಾಗೆ ಬಣ್ಣ ಬಳೀತಿದ್ದೋಳು ಅವನ ಹೆಂಡ್ತಿ ಲುಯೆಲ್ಲಾ. ಮಗ ರಾಯಲ್ ಇನ್ನೂ ಸ್ಕೂಲಿನ ಮುಖ ನೋಡಿರ್ಲಿಲ್ಲ, ಒಂದು ದಿನ ಲುಯೆಲ್ಲಾ ಮಾಯ! 'ಯಾವನ ಜೊತೇನೋ ಓಡಿಹೋದ್ಲು' ಅಂದ ಎಲ್ಮರ್. ಊರು ನಂಬ್ತು. ಆ ಹುಡುಗನಿಗೆ ಮೀಸೆ ಬಂತು, ತಲೆ ನರೆತು ಹೋಯ್ತು, ಬಾಯಲ್ಲಿ ಮಾತ್ರ ಅದೇ ಒಂದು ಪ್ರಶ್ನೆ: 'ಅಮ್ಮ ನನ್ನ ಯಾಕೆ ಬಿಟ್ಟು ಹೋದ್ಲು?' ಕೇಳಿ ಕೇಳಿ ನನ್ನ ಕರುಳು ಕಿತ್ತು ಬರೋದು.

"ಬಾರು ಮುಚ್ಚಿದ್ಮೇಲೆ ರಾಯಲ್ ಅಲ್ಲಿದ್ದ ಪೆಟ್ಟಿಗೆನ ನನ್ನ ಹತ್ರ ತಂದ. 'ಆರ್ಡಿಸಕ್ಕ, ಮನೇಲಿಟ್ಕೋತೀನಿ, ಹಾಡೋ ಹಾಗೆ ಮಾಡಿಕೊಡಿ. ಅಪ್ಪನಿಗೂ ಹೊತ್ತು ಹೋಗುತ್ತೆ' ಅಂದ. ಎಲ್ಮರ್‌ಗೆ ಲಕ್ವ ಹೊಡೆದು ಮಾತು ನಿಂತು ಎಷ್ಟೋ ವರ್ಷ ಆಗಿತ್ತು, ಗಾಲಿಕುರ್ಚೀಲಿ ಕೂತಿರೋನು.

"ಹಿಂದಿನ ಹಲಗೆ ಬಿಚ್ಚಿದೆ. ತಂತಿನೆಲ್ಲ ಇಲಿ ತಿಂದಿತ್ತು, ಅದಿರ್ಲಿ, ನಮ್ಮ ಕಸುಬೇ ಅದು. ನಾಣ್ಯದ ಡಬ್ಬಿಗೆ ಕೈ ಹಾಕಿದೆ ನೋಡಿ... ಒಂದೇ ಒಂದು ನಾಣ್ಯ ಸಿಕ್ತು, ಬೆರಳೆಲ್ಲ ಕೆಂಪು! ಹಸಿ ಬಣ್ಣ ಕಣ್ರೋ! ಘಾಟು ವಾಸನೆ ಮೂಗಿಗೆ ಬಡೀತು. ಮೈಲೋ ಬಂದು ನೋಡಿ 'ಎಣ್ಣೆ ಇರ್ಬೇಕು ಕಣೆ' ಅಂದ. ಎಣ್ಣೆಯಂತೆ ಎಣ್ಣೆ! ಉಗುರುಬಣ್ಣದ ವಾಸನೆ ಗಂಡಸರಿಗೇನು ಗೊತ್ತು?

"ಮನೇಲಿಟ್ಕೊಳ್ಳೋರಿಗೆ ನಾವು ನಾಣ್ಯ ಇಲ್ದೇನೇ ಹಾಡೋ ಹಾಗೆ ಮಾಡಿಕೊಡ್ತೀವಲ್ಲ, ಹಾಗೇ ಮಾಡಿದೆ. ನಾಣ್ಯದ ತೂತು ಬರೀ ಅಂದಕ್ಕೆ. ಪೆಟ್ಟಿಗೆ ಅವನ ಮನೇಲಿಟ್ಟು, ಆ ನಾಣ್ಯನ ರಾಯಲ್ ಕೈಗೆ ಕೊಟ್ಟು 'ನಿಮ್ಮ ಮನೇದು ಕಣಪ್ಪ' ಅಂದೆ. ಅಮ್ಮ ಬಳಿದ ಬಣ್ಣ ಅಂತ ಅದಕ್ಕೊಂದು ಮುತ್ತಿಟ್ಟು ತೂತಿಗೆ ಹಾಕಿದ. ಹಾಕಿದ್ದೇ ತಡ, ಹಾಡು ಶುರು! ನಾಣ್ಯ ವಾಪಸ್ ಬೀಳೋ ಕೆಳಗಿನ ಬಟ್ಟಲಿಗೆ ಠಣ್ ಅಂತ ಒಂದು ಕೆಂಪು ನಾಣ್ಯ ಬಿತ್ತು. ಇನ್ನೊಂದು. ಮತ್ತೊಂದು... ಹಾಕಿದ್ದು ಒಂದೇ ಅಲ್ವೇನ್ರೋ? ಬಟ್ಟಲು ತುಂಬಿ ನೆಲಕ್ಕೆ ಉರುಳಿ, ಸೀದಾ ಎಲ್ಮರ್ ಕಾಲ ಹತ್ರ ಹೋಗಿ ಬಿದ್ವು, ಹಸಿ ಹಸಿಯಾಗಿ.

"ಮಾತೇ ನಿಂತಿದ್ದ ಎಲ್ಮರ್ ಬಾಯಿಬಿಟ್ಟ. 'ಬೇಡ ಲುಯೆಲ್ಲಾ... ಪೆಟ್ಟಿಗೆ ಸರಿಸ್ತೀನಿ... ಬಾಗಿಲು ತೆಗೀತೀನಿ ಕಣೆ...' ಅಷ್ಟೇ. ಕತ್ತು ವಾಲ್ತು, ಜೀವ ಹೋಯ್ತು.

"ಪೆಟ್ಟಿಗೆ ಅಡೀಲಿ ಯಾವ ಬಾಗಿಲು ಅಂತ ನಾನೂ ರಾಯಲ್ಲೂ ಯೋಚಿಸಿದ್ವಿ. ಬೇರೆ ಬಾರಲ್ಲೆಲ್ಲ ಹಳೇ ಪೆಟ್ಟಿಗೆ ಎತ್ತಿ ಹೊಸದು ಇಡ್ತಾನೇ ಇದ್ರು. ಎಲ್ಮರ್ ಮಾತ್ರ ಇದನ್ನ ಕೊಂಡೇ ಬಿಟ್ಟು, ಇದ್ದ ಜಾಗದಿಂದ ಕದಲಿಸೋಕೆ ಬಿಟ್ಟಿರ್ಲಿಲ್ಲ! ಫೋನ್ ಮಾಡಿದ್ವಿ, ಪೊಲೀಸರು ಬಂದು ಬಾರಲ್ಲಿ ಆ ಜಾಗದ ಹಲಗೆ ಕಿತ್ರು. ಕೆಳಗೆ ನೆಲಮಾಳಿಗೆ ಬಾಗಿಲು, ಸುತ್ತ ಮೊಳೆ. ತೆಗೆದ್ರೆ... ಅಯ್ಯೋ ದೇವರೇ... ಮೆಟ್ಟಿಲ ಮೇಲೆ ಕೂತ ಹಾಗೇ ಇದ್ಲು ಲುಯೆಲ್ಲಾ. ಬಾಗಿಲ ಒಳಮೈ ತುಂಬ ಉಗುರಿನ ಗೀರು, ಗೀರು ತುಂಬ ಕೆಂಪು ಬಣ್ಣ. ಮೊಳೆ ಹೊಡೆದಾಗ ಜೀವಂತ ಇದ್ಲು ಕಣ್ರೋ! ಮೇಲೆ ಪೆಟ್ಟಿಗೆ ಹಾಡ್ತಿದ್ರೆ, ಜನ ಕುಣೀತಿದ್ರೆ, ಅವಳು ಕೂಗಿದ್ದು ಯಾರಿಗೆ ಕೇಳ್ಬೇಕು?

"'ಬಿಟ್ಟು ಹೋಗಿರ್ಲಿಲ್ಲ ಆರ್ಡಿಸಕ್ಕ, ಅಮ್ಮ ನನ್ನ ಬಿಟ್ಟು ಹೋಗಿರ್ಲಿಲ್ಲ' ಅಂತ ರಾಯಲ್ ಎಳೇ ಮಗು ಥರ ಅತ್ತ. ನಾನೂ ಅತ್ತೆ."

ಡ್ವೇನ್ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಕೇಳಿದ: "ಮಣ್ಣು ಮಾಡಿದ್ಮೇಲೆ ಅವಳು ಸುಮ್ಮನಾದ್ಲು ತಾನೆ, ಅಜ್ಜಿ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ಭಾನುವಾರ ಚರ್ಚ್ ಮುಗಿಸಿ ರಾಯಲ್ ಮನೆಗೆ ಹೋದೆ. ಕಾಫಿ ತಂದುಕೊಟ್ಟ... ಕೈ ನೋಡ್ತೀನಿ, ಹತ್ತೂ ಉಗುರು ಕೆಂಪು! 'ಇದೇನೋ ನಿನ್ನ ಅವತಾರ?' ಅಂದೆ. ನಾಚ್ಕೊಂಡ. 'ನಾನಲ್ಲ ಆರ್ಡಿಸಕ್ಕ. ಮಲಗಿದ್ದಾಗ ಅಮ್ಮ ಬಂದು ಹಚ್ತಾಳೆ. ಕೈ ಅಲ್ಲಾಡಿಸ್ಬೇಡ ಮಗ, ಒಣಗ್ಲಿ ಅಂತಾಳೆ.' ಮುಖದಲ್ಲಿ ಎಂಥ ಖುಷಿ ಅಂತೀರಿ! ನಾಯಿನ ಪಕ್ಕದ ಮನೆಯೋರಿಗೆ ಕೊಟ್ಟುಬಿಟ್ಟಿದಾನೆ. 'ಯಾಕೋ, ಎಲ್ಲಿಗೆ ಹೊರಟಿದೀಯ?' ಅಂದ್ರೆ, 'ಒಣಗಿದ ಕೂಡ್ಲೆ ಕರ್ಕೊಂಡು ಹೋಗ್ತಾಳೆ' ಅಂದ.

"ಅವತ್ತಿನಿಂದ ದಿನಾ ಫೋನ್ ಮಾಡಿ, 'ಇನ್ನೂ ಹಸಿ ಇದ್ಯೇನೋ?' ಅಂತ ಕೇಳ್ತೀನಿ. 'ಇದೆ ಆರ್ಡಿಸಕ್ಕ' ಅಂತಾನೆ. ಇವತ್ತು ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ ಕಣ್ರೋ... ಎತ್ತುತ್ತಾ ಇಲ್ಲ."