ಸಂಜೆ ಆರಕ್ಕೆ ತೋರಿಸಿದ ಮನೆ

ನೋಂದಣಿ ಕಚೇರಿಯ ಬೆಂಚಿನ ಮೇಲೆ ತನ್ನ ಸರದಿಗೆ ಕಾದು ಕೂತಿದ್ದ ಮುದುಕಿಗೆ, ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಮನೆ ಮಾರಿಸಿಕೊಡುವ ಏಜೆಂಟರು ಅವರು, ಅಕ್ಕ ಮತ್ತು ತಮ್ಮ.

“ಅಕ್ಕಾ, ಆ ನರ್ಸಮ್ಮನಿಗೆ ಈಗಲಾದ್ರೂ ಹೇಳಿಬಿಡ್ತೀನಿ.”

“ಏನಂತ? ಪಕ್ಕದಲ್ಲೇ ತಗಡು ಬಡಿಯೋ ವರ್ಕ್‌ಶಾಪ್ ಇದೆ ಅಂತಾನಾ? ಅವರು ಕೇಳಿದ್ರಾ?”

“ಕೇಳಲಿಲ್ಲ.”

“ಮತ್ತೆ? ನಾವು ಮಾರೋರ ಕಡೆಯವರು. ಕೇಳಿದ್ದಕ್ಕೆ ಸುಳ್ಳು ಹೇಳಬಾರದು, ಕೇಳದ್ದಕ್ಕೆ ಬಾಯಿ ಹಾಕಬಾರದು. ಇಷ್ಟು ಮೆತ್ತಗಿರೋನು ಹತ್ತಿ ಅಂಗಡಿ ಇಡಬೇಕಿತ್ತು ಕಣೋ.”

“ಅವರದು ರಾತ್ರಿ ಪಾಳಿ. ಮಲಗೋದೇ ಹಗಲು.”

“ಅದು ನಿನಗ್ಯಾಕೆ?”

“ಅದು ಗೊತ್ತಿದ್ದೇ ಮನೆ ನೋಡೋಕೆ ಸಂಜೆ ಆರಕ್ಕೆ ಕರೆದೆ, ಅಕ್ಕಾ. ವರ್ಕ್‌ಶಾಪ್ ಐದಕ್ಕೆ ಮುಚ್ಚುತ್ತೆ.”

ಅಕ್ಕ ತಟ್ಟನೆ ಅವನತ್ತ ತಿರುಗಿದಳು. ಅಷ್ಟರಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದ ನರ್ಸಮ್ಮ ಬಂದಳು.

“ಡ್ಯೂಟಿಯಿಂದ ನೆಟ್ಟಗೆ ಇಲ್ಲಿಗೇ ಬಂದೆ ಅಣ್ಣಾ. ಈಗಿರೋ ಮನೇಲಿ ಮೇಲಿನವರ ಗಲಾಟೆಗೆ ರೆಪ್ಪೆ ಮುಚ್ಚಲ್ಲ. ನೀವು ತೋರಿಸಿದ್ದು ಎಷ್ಟು ಸದ್ದಿಲ್ಲದ ಮನೆ! ಇನ್ನು ಕಣ್ತುಂಬ ನಿದ್ದೆ ಮಾಡ್ತೀನಿ.”

ತಮ್ಮ ಬಾಯಿ ತೆರೆದ. ಒಳಗಿನಿಂದ ಅವರ ನಂಬರು ಕೂಗಿದರು.

“ಬನ್ನಿ, ನಮ್ಮನ್ನೇ ಕರೀತಿದ್ದಾರೆ,” ಎಂದವನು ಅವಳ ಮುಖ ನೋಡದೆ, ಅವಳ ಕೈಯ ಫೈಲನ್ನು ತಾನೇ ಹೊತ್ತು ಮುಂದೆ ನಡೆದ.

ಅಕ್ಕನಿಗೆ ಮಾತ್ರ ಬೆಂಚಿನಿಂದ ಏಳಲು ಹೊತ್ತು ಹಿಡಿಯಿತು.