ಏಳು ತಾಯಂದಿರ ಹೆಸರು

ವಂಶ, ವಂಶ ಅಂತ ಬಡಿದಾಡುವವರಿಗಾಗಿಯೇ ಈಗ ಒಂದು ಮಾತು ಹೇಳುತ್ತೇನೆ. ಹಿಂದೆ ಕಂಬಕ್ಕೆ ಒರಗಿ ಕೂತವರು ಸ್ವಲ್ಪ ಮುಂದೆ ಬನ್ನಿ, ಇದು ನಿಮಗೇ.

ಒಬ್ಬ ಶ್ರೀಮಂತನಿದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅವನ ಲಾಯದಲ್ಲಿ ಅರಬಿ ಕುದುರೆಗಳಿದ್ದವು. ಅಂಥಿಂಥವಲ್ಲ, ಮುತ್ತಜ್ಜನ ಕಾಲದಲ್ಲಿ ಹಡಗಿನಲ್ಲಿ ಬಂದ ಒಂದೇ ಒಂದು ಹೆಣ್ಣು ಕುದುರೆಯ ಸಂತತಿ. ಸುತ್ತಮುತ್ತ ಆ ತಳಿ ಇನ್ನೆಲ್ಲೂ ಇರಲಿಲ್ಲ. ಅಪ್ಪ ಸಾಯುವಾಗ ಮಗನ ಕೈ ಹಿಡಿದು, "ಈ ತಳಿ ನಿನ್ನ ಕೈಯಾಗ ಕಡೀಬಾರದಪಾ" ಅಂದ. ಮಗ ಹೂಂ ಅಂದ. ಅಂದವನು ಏನು ಮಾಡಿದ ನೋಡಿ.

ಲಾಯ ನೋಡಿಕೊಳ್ಳಲು ದಸ್ತಗೀರಸಾಬ ಎಂಬ ಮುದುಕನಿದ್ದ. ಹೆಣ್ಣು ಮರಿ ಹುಟ್ಟಿದರೆ ಅದರ ಕಿವಿಯಲ್ಲಿ ಏಳು ಹೆಸರು ಹೇಳುವುದು ಅವನ ಮನೆತನದ ಪದ್ಧತಿ. ತಾಯಿ, ತಾಯಿಯ ತಾಯಿ, ಅವಳ ತಾಯಿ, ಹೀಗೆ ಏಳು. ಯಾಕೆಂದರೆ ಅರಬರು ಕುದುರೆಯ ಕುಲ ಎಣಿಸುವುದು ಹೆಣ್ಣಿನ ಕಡೆಯಿಂದ. ಗಂಡು ಎಷ್ಟೇ ಚೆಂದವಿರಲಿ, ಅದಕ್ಕೆ ಹುಟ್ಟಿದ ಮರಿ ಸೇರುವುದು ತಾಯಿಯ ಕುಲಕ್ಕೆ. ಶ್ರೀಮಂತನಿಗೆ ಇದು ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಕೇಳಿದ್ದ. ಕೇಳಿಯೂ ಅವನು ಕುದುರೆಗಳನ್ನು ಎಣಿಸಿದ್ದು ನಾವು ನಮ್ಮ ಮನೆ ಎಣಿಸುವ ಹಾಗೆಯೇ. ಗಂಡಿದ್ದರೆ ವಂಶ ಉಳಿಯಿತು, ಹೆಣ್ಣು ಹೇಗಿದ್ದರೂ ಹೊರಗೆ ಹೋಗುವುದು.

ಅವನ ಕಾಲಕ್ಕೆ ಆ ತಳಿಯಲ್ಲಿ ಹೆಣ್ಣು ಅಂತ ಉಳಿದಿದ್ದು ಶಮ್ಸಾ ಎಂಬ ಕುದುರೆ ಒಂದೇ. ಅದು ಆರು ಗಂಡು ಈದಿತು. ಆರನ್ನೂ ಇಟ್ಟುಕೊಂಡ, ಬೆಳ್ಳಿ ಕುಚ್ಚು ಕಟ್ಟಿ ಮೆರವಣಿಗೆಯಲ್ಲಿ ಕುಣಿಸಿದ. ಎರಡು ಹೆಣ್ಣು ಈದಿತು. ಎರಡನ್ನೂ ಹಣೆಗೆ ಅರಿಸಿನ ಕುಂಕುಮ ಹಚ್ಚಿ ಬೀಗರ ಊರುಗಳಿಗೆ ಉಡುಗೊರೆ ಕಳಿಸಿದ. ನೀವು ನಗುತ್ತೀರಿ. ಅವತ್ತು ಆ ಊರಿನವರೂ ನಕ್ಕರು.

"ಧಣೇರ, ಒಂದಾದ್ರೂ ಇಲ್ಲೇ ಇರಲ್ರಿ," ಅಂದ ದಸ್ತಗೀರಸಾಬ.

"ಹೆಣ್ಣಂದ ಮ್ಯಾಲ ಕೊಟ್ಟ ಮನಿಗೆ ಹೋಗಬೇಕಲ್ಲೋ ಮಾರಾಯಾ," ಅಂದ ಶ್ರೀಮಂತ.

ಕಳಿಸಿದ ಎರಡರಲ್ಲಿ ಒಂದು ಹೊಟ್ಟೆಶೂಲೆಯಿಂದ ಸತ್ತಿತು. ಇನ್ನೊಂದನ್ನು ಟಾಂಗಾಕ್ಕೆ ಕಟ್ಟಿದರು, ಕಾಲು ಮುರಿದು ಅದೂ ಹೋಯಿತು. ಎರಡೂ ಇನ್ನೂ ಮರಿ ಹಾಕಿರಲಿಲ್ಲ. ಸುದ್ದಿ ಬಂದ ದಿನ ಶ್ರೀಮಂತ ಅಯ್ಯೋ ಪಾಪ ಅಂದು ಊಟಕ್ಕೆ ಕೂತ. ದಸ್ತಗೀರಸಾಬ ಅವತ್ತು ಉಣ್ಣಲಿಲ್ಲ.

ಶಮ್ಸಾಗೆ ವಯಸ್ಸಾಯಿತು. ಹಲ್ಲು ಸವೆಯಿತು, ಬೆನ್ನು ಬಾಗಿತು. ನೋಡಲು ಚೆಂದವಿಲ್ಲ ಅಂತ ಅದನ್ನು ಹಿತ್ತಲಿಗೆ, ತಿಪ್ಪೆಯ ಪಕ್ಕಕ್ಕೆ ಕಟ್ಟಿಸಿದರು. ದಸ್ತಗೀರಸಾಬ ಹುರುಳಿ ಬೇಯಿಸಿ, ಕೈಯಿಂದ ಹಿಚುಕಿ ತಿನ್ನಿಸುತ್ತಿದ್ದ. ವರ್ಷಕ್ಕೊಮ್ಮೆ ಧಣಿಯ ಮುಂದೆ ನಿಂತು, "ಇನ್ನೊಂದು ಮರಿ ಹಾಕಿಸೋಣ್ರಿ, ಅಕಿಗೆ ವಯಸ್ಸು ಮೀರತೈತ್ರಿ" ಅನ್ನುತ್ತಿದ್ದ. ವರ್ಷಕ್ಕೊಮ್ಮೆ ಧಣಿ ಅದೇ ಉತ್ತರ ಕೊಡುತ್ತಿದ್ದ. ಮುಂದಿನ ವರ್ಷ ನೋಡೋಣ. ಮುಂದಿನ ವರ್ಷ ನೋಡೋಣ.

ಒಂದು ದಿನ ದೂರದ ಊರಿನಿಂದ ಕುದುರೆ ಬಲ್ಲವನೊಬ್ಬ ಬಂದ. ಆರನ್ನೂ ನೋಡಿ ಹೊಗಳಿದ. ಆಮೇಲೆ ಕೇಳಿದ: "ಇವುಗಳ ಅಕ್ಕತಂಗಿಯರು ಎಲ್ಲಿ?" ಶ್ರೀಮಂತ ಒಂದು ಕುದುರೆಯ ಬೆಳ್ಳಿ ಕುಚ್ಚು ಸರಿಮಾಡಿದ. "ತಾಯಿ?" ಹಿತ್ತಲಿಗೆ ಕರೆದುಕೊಂಡು ಹೋದ. ಬಂದವನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಅದರ ಹಣೆ ಮುಟ್ಟಿದ. "ನಿಮ್ಮ ತಳಿ ಅಂತ ಉಳಿದಿರೋದು ಈ ಮುದುಕಿ ಒಬ್ಬಳೇ. ಇವಳು ಹೋದರೆ ಅಲ್ಲಿಗೆ ಮುಗೀತು," ಅಂದ.

ಅಪ್ಪನ ಮಾತು ಆಗ ನೆನಪಾಯಿತು. ನೋಡಿ, ನಮಗೆಲ್ಲ ನೆನಪಾಗುವುದು ಆವಾಗಲೇ. ಒಳ್ಳೆಯ ಗಂಡು ತರಿಸಿದ. ಆ ವಯಸ್ಸಿನಲ್ಲಿ ಗಬ್ಬ ನಿಲ್ಲುವುದೇ ಕಷ್ಟ. ನಿಂತಿತು. ಹನ್ನೊಂದು ತಿಂಗಳು ಶ್ರೀಮಂತ ತಾನೇ ಹಸಿ ಹುಲ್ಲು ಹೊತ್ತು ತಂದು ಹಾಕಿದ.

ಒಂದು ಬೆಳಗ್ಗೆ, ಬಿಸಿಲು ಬಿದ್ದ ಮೇಲೆ, ಈದಿತು.

"ಏನಾತೋ?" ಅಂದ ಶ್ರೀಮಂತ.

"ಹೆಣ್ಣ್ರಿ, ಧಣೇರ."

ಆ ಮಾತಿಗೆ ಅವನು ಕೈ ಮುಗಿದದ್ದು ಜೀವನದಲ್ಲಿ ಅದೇ ಮೊದಲು. ಆದರೆ ಮರಿ ಕತ್ತು ಎತ್ತಲಿಲ್ಲ. ಮುದಿ ಹೊಟ್ಟೆಯಲ್ಲಿ ಅದಕ್ಕೆ ಸಿಕ್ಕ ಕಸುವು ಅಷ್ಟೇ. ದಸ್ತಗೀರಸಾಬ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಲ್ಲಿ ಶುರುಮಾಡಿದ: ಶಮ್ಸಾ, ಹಮಾಮಾ, ವರ್ದಾ... ನಾಲ್ಕನೆಯ ಹೆಸರಿಗೆ ಉಸಿರು ನಿಂತಿತು. ಅವನು ನಿಲ್ಲಿಸಲಿಲ್ಲ, ಏಳೂ ಹೇಳಿದ.

"ಸತ್ತದ್ದರ ಕಿವಿಯಾಗ ಯಾಕ ಹೇಳ್ತೀಯೋ," ಅಂದ ಶ್ರೀಮಂತ.

"ಕೇಳಾಕ ಇನ್ಯಾರ ಉಳದಾರ್ರಿ, ಧಣೇರ?"

ಶಮ್ಸಾ ಮಧ್ಯಾಹ್ನದವರೆಗೂ ಆ ಮರಿಯನ್ನು ನೆಕ್ಕುತ್ತಲೇ ಇತ್ತು. ಎಳೆದರೂ ಬಿಡಲಿಲ್ಲ. ಮತ್ತೆ ಅದಕ್ಕೆ ಗಬ್ಬ ನಿಲ್ಲಲಿಲ್ಲ, ಎರಡು ವರ್ಷಕ್ಕೆ ಹೋಯಿತು. ಮನೆ ಮುಂದಿನ ಲಾಯದಲ್ಲಿ ಆರು ಗಂಡು ಕುದುರೆಗಳು ಬೆಳ್ಳಿ ಕುಚ್ಚು ಕಟ್ಟಿಕೊಂಡು ನಿಂತೇ ಇದ್ದವು.

ಕುದುರೆ ಕಥೆ ಬಿಡಿ. ನಿಮ್ಮದು ಹೇಳಿ. ನಿಮ್ಮ ಅಪ್ಪನ ಅಪ್ಪನ ಅಪ್ಪನ ಹೆಸರು? ಗೊತ್ತು, ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೀರಿ. ನಿಮ್ಮ ತಾಯಿಯ ತಾಯಿಯ ತಾಯಿ? ಹೇಳಿ. ಯಾಕೆ ಎಲ್ಲರೂ ನೆಲ ನೋಡುತ್ತೀರಿ?

ನಾಚಿಕೊಳ್ಳಬೇಡಿ, ನನಗೂ ಗೊತ್ತಿಲ್ಲ. ನಮ್ಮವ್ವ ಒಮ್ಮೆ ಜೋಳ ಹಸನು ಮಾಡುತ್ತಾ ಅವಳ ಅಜ್ಜಿಯ ವಿಷಯ ತೆಗೆದಳು. ನನ್ನ ಕೈಯಲ್ಲಿ ಪುಸ್ತಕವಿತ್ತು. "ಆಮ್ಯಾಲ ಹೇಳವ್ವಾ" ಅಂದೆ. ನಿಮಗೆ ಇಷ್ಟೆಲ್ಲ ಬುದ್ಧಿ ಹೇಳುವ ನನ್ನ ಎಣಿಕೆ ಎರಡು ಹೆಸರಿಗೆ ನಿಲ್ಲುತ್ತದೆ. ಈಗ ಕೇಳೋಣವೆಂದರೆ ಅವ್ವ ಇಲ್ಲ.

ಆದ್ದರಿಂದ ಇವತ್ತು ಮನೆಗೆ ಹೋಗಿ ತಟ್ಟೆಯ ಮುಂದೆ ಕೂರಬೇಡಿ. ಮನೆಯ ಹಿರಿಯ ಹೆಣ್ಣುಮಗಳ ಮುಂದೆ ಕೂತು ಕೇಳಿ. ಕೊಟ್ಟ ಮನೆಗೆ ಹೋದ ಅಕ್ಕತಂಗಿಯರನ್ನು ಹಬ್ಬಕ್ಕೊಂದು ಕುಪ್ಪಸದ ಖಣ ಕೊಟ್ಟು ಕಳಿಸುವುದಷ್ಟೇ ಅಲ್ಲ, ಮನೆಯ ಮಾತುಕತೆಗೂ ಕರೆಯಿರಿ. ಮುಂದಿನ ವರ್ಷ ಅನ್ನಬೇಡಿ. ಮಗಳಿದ್ದರೆ ಆ ಹೆಸರುಗಳನ್ನು ಅವಳ ಕಿವಿಯಲ್ಲಿ ಹೇಳಿ, ಅವಳಿಗೆ ಕೇಳಿಸುವಾಗಲೇ ಹೇಳಿ.